ಹಳೆಯ ಡ್ಯುಯಲ್ ಸ್ಪೋರ್ಟ್ ಬೈಕ್‌ಗೆ ಮರುಜೀವ: ಕಡಿಮೆ ಖರ್ಚಿನ ಸಮಗ್ರ ಮಾರ್ಗದರ್ಶಿ

ಹಳೆಯ ಬೈಕಿನ ದುರಸ್ತಿ ಅರ್ಧಕ್ಕೆ ನಿಲ್ಲುವುದಕ್ಕೆ ಬಹುತೇಕ ಒಂದೇ ಕಾರಣ: ಕೈಯಲ್ಲಿದ್ದ ಹಣವೆಲ್ಲ ಮೊದಲು ಕಣ್ಣಿಗೆ ಕಾಣುವ ಕಡೆಗೆ ಹರಿದಿರುತ್ತದೆ. ಟ್ಯಾಂಕಿಗೆ ಹೊಸ ಬಣ್ಣ, ಅಬ್ಬರದ ಸೈಲೆನ್ಸರ್, ಎಲ್‌ಇಡಿ ದೀಪ ಎಲ್ಲವೂ ಬಂದ ಮೇಲೆ ಹಿಂದಿನ ಚಕ್ರದ ಬೇರಿಂಗ್ ಸವೆದಿದೆ, ಬ್ರೇಕ್ ಕ್ಯಾಲಿಪರ್ ಕಚ್ಚಿಕೊಂಡಿದೆ ಎಂದು ಗೊತ್ತಾಗುತ್ತದೆ. ಅಷ್ಟರಲ್ಲಿ ಜೇಬು ಖಾಲಿಯಾಗಿರುತ್ತದೆ. ಹಾಗಾಗಿ ನಾನು ಪಾಲಿಸುವ ಕ್ರಮ ಇದು: ಪರೀಕ್ಷೆ ಎಂಜಿನ್‌ನಿಂದ ಶುರು, ಖರ್ಚು ಬ್ರೇಕಿನಿಂದ ಶುರು, ಅಂದಚಂದ ಎಲ್ಲಕ್ಕಿಂತ ಕೊನೆಗೆ. ಎಂಜಿನ್ ಉಳಿಯುತ್ತದೋ ಇಲ್ಲವೋ ಎಂಬುದು ಇತ್ಯರ್ಥವಾಗುವ ತನಕ ಒಂದು ಪೈಸೆಯನ್ನೂ ಬಿಡಿಭಾಗಕ್ಕೆ ಹಾಕಬಾರದು. ಎಂಜಿನ್ ಸರಿಯಿದೆ ಎಂದಾದ ಮೇಲೆ ಮೊದಲ ಹಣ ಪ್ರಾಣ ಕಾಯುವ ಭಾಗಗಳಿಗೇ ಹೋಗಬೇಕು.

ಡಾಂಬರು ರಸ್ತೆಯಲ್ಲೂ ಕಾಡುದಾರಿಯಲ್ಲೂ ಓಡುವ ಈ ಬಗೆಯ ಬೈಕ್‌ಗಳನ್ನು ಜನಪ್ರಿಯಗೊಳಿಸಿದ್ದು 1968ರಲ್ಲಿ ಬಂದ ಯಮಹಾ ಡಿಟಿ-1. ಅದರ ನಂತರದ ವರ್ಷಗಳಲ್ಲಿ ಹೋಂಡಾ ಎಕ್ಸ್‌ಎಲ್250, ಯಮಹಾ ಎಕ್ಸ್‌ಟಿ500, ಕವಾಸಾಕಿ ಕೆಎಲ್‌ಆರ್650, ಹೋಂಡಾ ಎಕ್ಸ್‌ಆರ್650ಎಲ್, ಸುಜುಕಿ ಡಿಆರ್650 ಬಂದವು. ಬಡ ಬಜೆಟ್‌ಗೆ ಇವು ಹೇಳಿ ಮಾಡಿಸಿದ ಬೈಕ್‌ಗಳು. ಒಂದೇ ಸಿಲಿಂಡರ್, ಒಂದೇ ಕಾರ್ಬ್ಯುರೇಟರ್, ಉಕ್ಕಿನ ಕೊಳವೆಯ ಚಾಸಿ. ಕಂಪ್ಯೂಟರ್ ಜೋಡಿಸಿ ಪತ್ತೆಹಚ್ಚಬೇಕಾದ ದೋಷಗಳು ಇಲ್ಲವೇ ಇಲ್ಲ ಎನ್ನಬಹುದು. ಇನ್ನೊಂದು ಅನುಕೂಲವೂ ಇದೆ. ಇವುಗಳಲ್ಲಿ ಕೆಲವು ದಶಕಗಟ್ಟಲೆ ಹೆಚ್ಚು ಬದಲಾಗದೆ ತಯಾರಾದವು. 1987ರ ಕೆಎಲ್‌ಆರ್650ಕ್ಕೆ ಮೊದಲ ದೊಡ್ಡ ಮಾರ್ಪಾಡು ಆದದ್ದು 2008ರ ಮಾದರಿಯಲ್ಲಿ. ಡಿಆರ್650ಎಸ್‌ಇ 1996ರಿಂದ, ಎಕ್ಸ್‌ಆರ್650ಎಲ್ 1993ರಿಂದ ಹೆಚ್ಚುಕಡಿಮೆ ಅದೇ ರೂಪದಲ್ಲಿವೆ. ಹತ್ತು ವರ್ಷ ಆಚೀಚಿನ ಬೈಕಿನ ಭಾಗವೂ ಕೂರುತ್ತದೆ ಎಂದರೆ ಹಳೆಯ ಸಾಮಾನಿನ ಮಾರುಕಟ್ಟೆಯೇ ನಿಮ್ಮ ಬಿಡಿಭಾಗದ ಅಂಗಡಿ.

ಕೊಳ್ಳುವ ಮೊದಲು

ಬೈಕ್ ನೋಡಲು ಹೋದಾಗ ಎಂಜಿನ್ ತಣ್ಣಗಿರಬೇಕು ಎಂದು ಮೊದಲೇ ತಿಳಿಸಿ. ಬಿಸಿ ಎಂಜಿನ್ ಎಷ್ಟೋ ದೋಷಗಳನ್ನು ಮುಚ್ಚಿಡುತ್ತದೆ. ತಣ್ಣನೆಯ ಎಂಜಿನ್ ಸ್ಟಾರ್ಟ್ ಆಗುವ ರೀತಿಯಲ್ಲೇ ಅದರ ಅರ್ಧ ಕಥೆ ಇರುತ್ತದೆ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ, ಕಪ್ಪು ಹೊಗೆ ಬಂದರೆ ಪೆಟ್ರೋಲ್ ಹೆಚ್ಚಾಗಿದೆ. ನೀರಿನಿಂದ ತಂಪಾಗುವ ಎಂಜಿನ್‌ನಲ್ಲಿ ಬಿಳಿ ಹೊಗೆ ನಿಲ್ಲದೆ ಬರುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಿ. ಕಪ್ಪು ಹೊಗೆಗೆ ಹೆದರಬೇಕಿಲ್ಲ, ಅದು ಕಾರ್ಬ್ಯುರೇಟರ್ ಸ್ವಚ್ಛ ಮಾಡಿದರೆ ಹೋಗುವಂಥದ್ದು. ನೀಲಿ ಹೊಗೆ ಎಂದರೆ ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್. ಬೆಲೆಯನ್ನು ಅದಕ್ಕೆ ತಕ್ಕಂತೆ ಇಳಿಸಿ ಕೇಳಿ.

ಆಮೇಲೆ ಚಾಸಿ. ಸ್ಟೀರಿಂಗ್ ಹೆಡ್‌ನ ಸುತ್ತ, ಫುಟ್‌ರೆಸ್ಟ್ ಬೆಸುಗೆಯ ಹತ್ತಿರ, ಸೀಟಿನ ಕೆಳಗಿನ ಹಿಂಚಾಸಿ ಕೂಡುವ ಜಾಗದಲ್ಲಿ ಬಿರುಕು ಹುಡುಕಿ. ಬಣ್ಣದ ಮೇಲೆ ತುಕ್ಕಿನ ತೆಳುಗೆರೆ ಕಂಡರೆ ಅದು ಬರಿಯ ತುಕ್ಕಾಗಿರದೆ ಬಿರುಕಿನ ಗುರುತಾಗಿರಬಹುದು. ಮುಂದಿನ ಚಕ್ರ ನೆಲದಿಂದ ಮೇಲಿರುವಂತೆ ನಿಲ್ಲಿಸಿ ಹ್ಯಾಂಡಲ್ ಅನ್ನು ಮೆಲ್ಲಗೆ ಆ ಕಡೆ ಈ ಕಡೆ ತಿರುಗಿಸಿ. ನಟ್ಟನಡುವೆ ಒಂದು ತಡೆ ಸಿಕ್ಕಂತಾದರೆ ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ಹೋಗಿದೆ. ಹಿಂಚಕ್ರವನ್ನು ಅಡ್ಡಡ್ಡ ಅಲುಗಿಸಿ ಸ್ವಿಂಗ್ ಆರ್ಮ್ (ಹಿಂಚಕ್ರವನ್ನು ಹಿಡಿದಿರುವ ತೋಳು) ಬೇರಿಂಗ್ ನೋಡಿ, ಮೇಲಕ್ಕೆತ್ತಿ ಲಿಂಕೇಜ್ (ಆ ತೋಳನ್ನು ಶಾಕ್‌ಗೆ ಕೂಡಿಸುವ ಕೀಲುಗಳು) ನೋಡಿ. ಫೋರ್ಕ್ ಕೊಳವೆಯ ಮೇಲೆ ಬೆರಳಾಡಿಸಿ ತುಕ್ಕಿನ ಗುಳಿಗಳಿವೆಯೇ ಎಂದು ಪರೀಕ್ಷಿಸಿ.

ಎಂಜಿನ್ ಸಂಖ್ಯೆ, ಚಾಸಿ ಸಂಖ್ಯೆ ಎರಡೂ ನೋಂದಣಿ ಪತ್ರಕ್ಕೆ ತಾಳೆಯಾಗಬೇಕು. ದಾಖಲೆ ಇಲ್ಲದ ಬೈಕ್ ಎಷ್ಟೇ ಅಗ್ಗವಾಗಿ ಸಿಕ್ಕರೂ ಕೊಳ್ಳಬೇಡಿ. ಈ ವಿಷಯದಲ್ಲಿ ನನ್ನದು ರಾಜಿಯಿಲ್ಲದ ನಿಲುವು. ರಸ್ತೆಗೆ ಇಳಿಸಲಾಗದ ಬೈಕಿಗೆ ಹಾಕಿದ ಹಣ ಮರಳಿ ಬರುವುದಿಲ್ಲ.

ಪ್ರತಿ ಮಾದರಿಗೂ ಒಂದು ಹುಟ್ಟುದೋಷ ಇರುತ್ತದೆ, ಅದನ್ನು ಮೊದಲೇ ತಿಳಿದುಕೊಳ್ಳಿ. ಹಳೆಯ ಕೆಎಲ್‌ಆರ್650ರಲ್ಲಿ ಬ್ಯಾಲೆನ್ಸರ್ (ಎಂಜಿನ್ನಿನ ನಡುಕ ತಗ್ಗಿಸುವ ಭಾಗ) ಚೈನಿನ ಬಿಗಿ ಹೊಂದಿಸುವ ಸನ್ನೆಕೋಲು ಒಡೆಯುವುದುಂಟು. ಡಿಆರ್650ರಲ್ಲಿ ಕ್ಲಚ್ ಹಿಂಬದಿಯಲ್ಲಿರುವ ನ್ಯೂಟ್ರಲ್ ಸ್ವಿಚ್ಚಿನ ಎರಡು ಪುಟ್ಟ ತಿರುಪುಗಳು ಸಡಿಲಗೊಂಡು ಗೇರುಗಳ ಮಧ್ಯೆ ಬೀಳಬಹುದು. ಎಕ್ಸ್‌ಆರ್650ಎಲ್‌ನಲ್ಲಿ ಹಿಂಚಾಸಿಯ ಬೋಲ್ಟುಗಳು ಹೊರೆ ತಾಳಲಾರದೆ ತುಂಡಾಗುತ್ತವೆ. ಮೂರಕ್ಕೂ ಪರಿಹಾರ ಅಗ್ಗ. ಬಿಟ್ಟರೆ ಆಗುವ ಅನಾಹುತ ಮಾತ್ರ ಎಂಜಿನ್ನಿನಷ್ಟೇ ದುಬಾರಿ.

ಹಣದ ಲೆಕ್ಕ

ಒಟ್ಟು ಮೊತ್ತದಲ್ಲಿ ನಾಲ್ಕನೇ ಒಂದು ಭಾಗವನ್ನು ಎತ್ತಿಟ್ಟು, ಅದು ಇಲ್ಲವೆಂದೇ ತಿಳಿಯಿರಿ. ಬಿಚ್ಚಿದ ಮೇಲೆ ಮಾತ್ರ ಕಾಣುವ ದೋಷಗಳು ಅದನ್ನು ಕೇಳಿಯೇ ಕೇಳುತ್ತವೆ. ಉಳಿದದ್ದನ್ನು ಬ್ರೇಕ್, ಟೈರ್, ಬೇರಿಂಗ್, ಚೈನ್‌ಗೆ ಮೊದಲು ಹಂಚಿ. ಎಂಜಿನ್ನಿನ ಗ್ಯಾಸ್ಕೆಟ್, ಆಯಿಲ್, ಫಿಲ್ಟರ್, ಪ್ಲಗ್ ಆಮೇಲೆ.

ಮೊದಲು ಕೊಳ್ಳಬೇಕಾದ ಸಾಮಗ್ರಿ ಕಂಪನಿಯ ಸರ್ವಿಸ್ ಮ್ಯಾನುಯಲ್. ಅದರ ನಂತರ ಒಂದು ಮಲ್ಟಿಮೀಟರ್, ಫೀಲರ್ ಗೇಜ್ (ಸಣ್ಣ ಅಂತರ ಅಳೆಯುವ ತೆಳು ಲೋಹದ ಹಾಳೆಗಳು), ಟಾರ್ಕ್ ರೆಂಚ್ (ಬೋಲ್ಟನ್ನು ಅಳತೆಯ ಬಿಗಿಗೆ ತಿರುಗಿಸುವ ಸ್ಪ್ಯಾನರ್). ಜಪಾನಿ ಬೈಕ್ ಆದರೆ ಜೆಐಎಸ್ (ಜಪಾನಿನ ಕೈಗಾರಿಕಾ ಮಾನದಂಡ) ಗುಣಮಟ್ಟದ ಸ್ಕ್ರೂಡ್ರೈವರ್ ಒಂದು ಇರಲೇಬೇಕು. ಆ ಬೈಕ್‌ಗಳ ಪ್ಲಸ್ ತಿರುಪುಗಳು ಸಾಮಾನ್ಯ ಫಿಲಿಪ್ಸ್ ತಿರುಪುಗಳಂತೆ ಕಂಡರೂ ಅಳತೆ ಬೇರೆ. ಫಿಲಿಪ್ಸ್ ಡ್ರೈವರ್ ಹಾಕಿ ತಿರುಗಿಸಿದರೆ ತುದಿ ಹೊರಜಾರಿ ತಿರುಪಿನ ತಲೆ ನುಣ್ಣಗಾಗುತ್ತದೆ. ಕಾರ್ಬ್ಯುರೇಟರ್ ಬಟ್ಟಲಿನ ತಿರುಪುಗಳು ಹಾಳಾಗುವುದು ಹೆಚ್ಚಾಗಿ ಹೀಗೆಯೇ.

ಬಿಚ್ಚುವ ಕೆಲಸ

ಬಿಚ್ಚುವ ಮೊದಲು ಫೋಟೊ, ಬಿಚ್ಚಿದ ಮೇಲೆ ಮತ್ತೊಂದು ಫೋಟೊ. ವೈರು, ಕೇಬಲ್, ಪೈಪುಗಳು ಹಾದುಹೋಗುವ ದಾರಿಯನ್ನು ವಿಶೇಷವಾಗಿ ತೆಗೆದಿಟ್ಟುಕೊಳ್ಳಿ. ಪ್ರತಿ ಭಾಗದ ನಟ್ಟು ಬೋಲ್ಟುಗಳು ಬೇರೆ ಬೇರೆ ಚೀಲದಲ್ಲಿ, ಮೇಲೆ ಹೆಸರು ಬರೆದು. ಎಂಜಿನ್ ಪಕ್ಕದ ಮುಚ್ಚಳದ ಬೋಲ್ಟುಗಳ ಉದ್ದ ಒಂದೇ ಇರುವುದಿಲ್ಲ. ರಟ್ಟಿನ ತುಂಡಿನ ಮೇಲೆ ಮುಚ್ಚಳದ ಆಕಾರ ಬರೆದು, ಆಯಾ ಜಾಗದಲ್ಲಿ ತೂತು ಮಾಡಿ ಬೋಲ್ಟನ್ನು ಚುಚ್ಚಿಡಿ. ಉದ್ದದ ಬೋಲ್ಟು ಗಿಡ್ಡ ತೂತಿಗೆ ಹೋದರೆ ಅಲ್ಯೂಮಿನಿಯಂ ಕೇಸ್ ಸೀಳುತ್ತದೆ.

ತುಕ್ಕು ಹಿಡಿದ ಬೋಲ್ಟಿಗೆ ಬಲಕ್ಕಿಂತ ಸಮಯ ಹೆಚ್ಚು ಕೆಲಸ ಮಾಡುತ್ತದೆ. ತುಕ್ಕು ಸಡಿಲಿಸುವ ಆಯಿಲ್ ಹಾಕಿ ಒಂದು ರಾತ್ರಿ ಬಿಡಿ, ಮರುದಿನ ತಲೆಯ ಮೇಲೆ ಸುತ್ತಿಗೆಯಿಂದ ನಾಲ್ಕು ಪೆಟ್ಟು ಕೊಟ್ಟು ಸ್ವಲ್ಪ ಬಿಗಿ ಮಾಡುವ ಕಡೆಗೆ ತಿರುಗಿಸಿ, ಆಮೇಲೆ ಸಡಿಲಿಸಿ. ಅದಕ್ಕೂ ಜಗ್ಗದಿದ್ದರೆ ಸುತ್ತಲಿನ ಅಲ್ಯೂಮಿನಿಯಂ ಅನ್ನು ಬಿಸಿ ಮಾಡಿ. ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚು ಹಿಗ್ಗುವುದರಿಂದ ಹಿಡಿತ ಬಿಡುತ್ತದೆ. ಆ ಹೊತ್ತಿಗೆ ಪೆಟ್ರೋಲ್ ಟ್ಯಾಂಕ್ ಬೈಕಿನ ಮೇಲೆ ಇರಬಾರದು, ಕೋಣೆಯಲ್ಲೂ ಇರಬಾರದು. ಬ್ರೇಕ್ ಕ್ಲೀನರ್ ಸಿಂಪಡಿಸಿದ ಜಾಗಕ್ಕೆ ಬೆಂಕಿ ತೋರಿಸಲೇಬೇಡಿ. ಕ್ಲೋರಿನ್ ಇರುವ ಕ್ಲೀನರ್ ಬಿಸಿಗೆ ವಿಷಾನಿಲವಾಗುತ್ತದೆ.

ಎಂಜಿನ್ ಉಳಿದಿದೆಯೇ?

ಬಹುಕಾಲ ನಿಂತ ಎಂಜಿನ್ನಿಗೆ ನೇರವಾಗಿ ಕಿಕ್ ಹೊಡೆಯಬೇಡಿ. ಪ್ಲಗ್ ತೆಗೆದು ಸಿಲಿಂಡರ್ ಒಳಗೆ ಒಂದಿಷ್ಟು ಎಂಜಿನ್ ಆಯಿಲ್ ಬಿಟ್ಟು, ಕೆಲವು ಗಂಟೆ ಕಾದು, ಕೈಯಿಂದ ತಿರುಗಿಸಿ. ಸರಾಗವಾಗಿ ತಿರುಗಿದರೆ ಹಳೆಯ ಆಯಿಲ್ ಇಳಿಸಿ. ಡ್ರೇನ್ ಬೋಲ್ಟು ಮತ್ತು ಆಯಿಲ್ ಫಿಲ್ಟರ್ ಇಲ್ಲಿ ಸಾಕ್ಷಿ ಹೇಳುತ್ತವೆ, ಫಿಲ್ಟರಿನ ಫೋಟೊ ತೆಗೆದಿಡಿ. ಹಿಟ್ಟಿನಂಥ ಬೂದು ಪುಡಿ ಸಹಜ. ಉಗುರಿಗೆ ಸಿಗುವಂಥ ಉಕ್ಕಿನ ಚೂರು ಗೇರು ಅಥವಾ ಬೇರಿಂಗಿನದು. ಅದು ಕಂಡರೆ ಎಂಜಿನ್ ಬಿಚ್ಚುವ ಖರ್ಚನ್ನು ಈಗಲೇ ಲೆಕ್ಕಕ್ಕೆ ಹಿಡಿಯಿರಿ, ಅಥವಾ ಇದೇ ಮಾದರಿಯ ಬೇರೊಂದು ಎಂಜಿನ್ ಹುಡುಕಿ.

ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಅಳೆಯುವಾಗ ಥ್ರಾಟಲ್ ಪೂರ್ತಿ ತೆರೆದಿರಬೇಕು. ಇಲ್ಲೊಂದು ಮೋಸವಿದೆ: ದೊಡ್ಡ ಸಿಂಗಲ್ ಸಿಲಿಂಡರ್ ಎಂಜಿನ್‌ಗಳಲ್ಲಿ ಸುಲಭವಾಗಿ ಸ್ಟಾರ್ಟ್ ಆಗಲೆಂದು ಎಕ್ಸಾಸ್ಟ್ ವಾಲ್ವನ್ನು ತುಸು ತೆರೆದಿಡುವ ಡಿಕಂಪ್ರೆಸರ್ ಇರುತ್ತದೆ. ಅದರಿಂದಾಗಿ ಗಟ್ಟಿಮುಟ್ಟಾದ ಎಂಜಿನ್ ಕೂಡ ಗೇಜಿನಲ್ಲಿ ಕಡಿಮೆ ತೋರಿಸಬಹುದು. ಸಂಖ್ಯೆ ನೋಡಿ ಗಾಬರಿಯಾಗುವ ಬದಲು ಸಿಲಿಂಡರಿಗೆ ಒತ್ತಡದ ಗಾಳಿ ತುಂಬಿ ಎಲ್ಲಿ ಸೋರುತ್ತದೆ ಎಂದು ನೋಡುವ ಲೀಕ್‌ಡೌನ್ ಪರೀಕ್ಷೆ ಮಾಡಿಸಿ. ಗಾಳಿ ಸೈಲೆನ್ಸರಿನಲ್ಲಿ ಬಂದರೆ ಎಕ್ಸಾಸ್ಟ್ ವಾಲ್ವ್, ಕಾರ್ಬ್ಯುರೇಟರ್ ಕಡೆ ಬಂದರೆ ಇನ್‌ಟೇಕ್ ವಾಲ್ವ್, ಆಯಿಲ್ ಹಾಕುವ ಬಾಯಲ್ಲಿ ಬಂದರೆ ರಿಂಗ್.

ಈಗ ಟ್ಯಾಪೆಟ್, ಅಂದರೆ ವಾಲ್ವ್ ಮತ್ತು ಅದನ್ನು ಒತ್ತುವ ಭಾಗದ ನಡುವಿನ ಅಂತರ ಹೊಂದಿಸುವುದು. ಕೈಕೆಲಸದಲ್ಲಿ ಇದಕ್ಕಿಂತ ಹೆಚ್ಚು ಪ್ರತಿಫಲ ಕೊಡುವುದು ಬೇರೊಂದಿಲ್ಲ, ಖರ್ಚು ಶೂನ್ಯ. ಎಂಜಿನ್ ಪೂರ್ತಿ ತಣ್ಣಗಿರಲಿ. ಪಿಸ್ಟನ್ ಕಂಪ್ರೆಷನ್ ಹೊಡೆತದ ತುತ್ತತುದಿಗೆ ಬರುವಂತೆ ತಿರುಗಿಸಿ ಗುರುತಿಗೆ ಗುರುತು ಕೂಡಿಸಿ. ಗುರುತು ಎಕ್ಸಾಸ್ಟ್ ಹೊಡೆತದಲ್ಲೂ ಕೂಡುತ್ತದೆ, ಆದ್ದರಿಂದ ರಾಕರ್‌ಗಳನ್ನು (ವಾಲ್ವ್ ಒತ್ತುವ ತೋಳುಗಳನ್ನು) ಅಲ್ಲಾಡಿಸಿ ನೋಡಿ: ಎಲ್ಲವೂ ತುಸು ಸಡಿಲವಿದ್ದರೆ ಸರಿಯಾದ ಜಾಗ, ಬಿಗಿಯಾಗಿದ್ದರೆ ಇನ್ನೊಂದು ಸುತ್ತು. ಮ್ಯಾನುಯಲ್ ಹೇಳುವ ದಪ್ಪದ ಫೀಲರ್ ಗೇಜ್ ಹಾಳೆಯನ್ನು ತೂರಿಸಿದಾಗ ಅದು ಸಡಿಲವಾಗಿ ಜಾರಬಾರದು, ಸಿಕ್ಕಿಕೊಳ್ಳಲೂಬಾರದು. ಎಳೆಯುವಾಗ ಬೆರಳಿಗೆ ಸಣ್ಣ ಪ್ರತಿರೋಧ ತಿಳಿಯಬೇಕು. ಲಾಕ್‌ನಟ್ ಬಿಗಿಯುವಾಗ ತಿರುಪೂ ಜೊತೆಗೆ ತಿರುಗಿಬಿಡುತ್ತದೆ, ಹಾಗಾಗಿ ಬಿಗಿದ ಮೇಲೆ ಮತ್ತೆ ಅಳೆಯಿರಿ. ಅಂತರ ತುಸು ಹೆಚ್ಚಾದರೆ ಟಕಟಕ ಸದ್ದು ಅಷ್ಟೇ. ಕಡಿಮೆಯಾದರೆ ವಾಲ್ವ್ ಪೂರ್ತಿ ಮುಚ್ಚಿಕೊಳ್ಳದೆ, ಸೀಟಿಗೆ ಶಾಖ ದಾಟಿಸಲಾಗದೆ ಸುಟ್ಟುಹೋಗುತ್ತದೆ. ಸದ್ದು ಮಾಡುವ ಟ್ಯಾಪೆಟ್‌ಗಿಂತ ಸದ್ದಿಲ್ಲದ ಟ್ಯಾಪೆಟ್‌ಗೇ ನಾನು ಹೆಚ್ಚು ಅಂಜುತ್ತೇನೆ. ಕೆಎಲ್‌ಆರ್650, ಸುಜುಕಿ ಡಿಆರ್‌ಝಡ್400ಗಳಲ್ಲಿ ತಿರುಪಿನ ಬದಲು ಬೇರೆ ಬೇರೆ ದಪ್ಪದ ಶಿಮ್ ಬಿಲ್ಲೆಗಳಿವೆ. ಇರುವ ಬಿಲ್ಲೆಗಳನ್ನೇ ವಾಲ್ವಿನಿಂದ ವಾಲ್ವಿಗೆ ಅದಲುಬದಲು ಮಾಡಿ ನೋಡಿ, ಹಲವು ಸಲ ಒಂದೆರಡು ಹೊಸ ಬಿಲ್ಲೆಗಳಲ್ಲೇ ಕೆಲಸ ಮುಗಿಯುತ್ತದೆ.

ಎರಡು ಸ್ಟ್ರೋಕಿನ ಹಳೆಯ ಡಿಟಿಯಂಥ ಬೈಕ್‌ನಲ್ಲಿ ಟ್ಯಾಪೆಟ್ ಇಲ್ಲ. ಅಲ್ಲಿ ಮೊದಲ ಅನುಮಾನ ಕ್ರ್ಯಾಂಕಿನ ಆಯಿಲ್ ಸೀಲ್ ಮೇಲೆ ಇರಲಿ. ಗಟ್ಟಿಯಾದ ಸೀಲಿನಿಂದ ಗಾಳಿ ಒಳನುಗ್ಗಿದರೆ ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ತಗ್ಗಿ ಪಿಸ್ಟನ್ ಕಚ್ಚಿಕೊಳ್ಳುತ್ತದೆ.

ಟ್ಯಾಂಕ್ ಮತ್ತು ಕಾರ್ಬ್ಯುರೇಟರ್

ಈ ಎರಡನ್ನು ಜೊತೆಯಾಗಿಯೇ ಮಾಡಬೇಕು. ಟ್ಯಾಂಕಿನ ತುಕ್ಕು ತೆಗೆಯದೆ ಕಾರ್ಬ್ಯುರೇಟರ್ ತೊಳೆದರೆ ವಾರದೊಳಗೆ ಮತ್ತೆ ಬಿಚ್ಚುತ್ತೀರಿ.

ಟ್ಯಾಂಕಿನ ನಲ್ಲಿ ತೆಗೆದು ತೂತು ಮುಚ್ಚಿ, ಬಿಳಿ ವಿನೆಗರ್ ಅಥವಾ ಬಿಸಿನೀರಿನಲ್ಲಿ ಕರಗಿಸಿದ ಸಿಟ್ರಿಕ್ ಆಮ್ಲ ತುಂಬಿಸಿ ಒಂದೆರಡು ದಿನ ಬಿಡಿ. ತುಕ್ಕು ದಪ್ಪವಿದ್ದರೆ ಮೊದಲೇ ಒಂದು ಹಿಡಿ ನಟ್ಟುಗಳನ್ನು ಎಣಿಸಿ ಒಳಗೆ ಹಾಕಿ ಚೆನ್ನಾಗಿ ಕುಲುಕಿ, ಹೊರಬಂದಾಗ ಮತ್ತೆ ಎಣಿಸಿ. ಆಮ್ಲ ಚೆಲ್ಲಿದ ಮೇಲೆ ಅಡುಗೆ ಸೋಡಾ ಕಲಸಿದ ನೀರಿನಿಂದ ತೊಳೆದು, ಶುದ್ಧ ನೀರಿನಿಂದ ಮತ್ತೊಮ್ಮೆ ತೊಳೆದು, ತಡಮಾಡದೆ ಬಿಸಿಗಾಳಿಯಿಂದ ಒಣಗಿಸಿ. ಆಮ್ಲ ಬರಿದು ಮಾಡಿದ ಉಕ್ಕು ಗಂಟೆಗಳಲ್ಲೇ ಕೆಂಬಣ್ಣಕ್ಕೆ ತಿರುಗುತ್ತದೆ. ಒಣಗಿದ ಕೂಡಲೇ ತುಸು ಆಯಿಲ್ ಬೆರೆಸಿದ ಪೆಟ್ರೋಲ್ ಸುತ್ತಲೂ ಹರಿದಾಡಿಸಿ. ಒಳಲೇಪ ಹಾಕುವ ಕಿಟ್‌ಗಳನ್ನು ತೂತು ಬಿದ್ದ ಟ್ಯಾಂಕಿಗೆ ಮಾತ್ರ ಬಳಸಿ. ಸರಿಯಾಗಿ ಹಿಡಿಯದ ಲೇಪ ಚಕ್ಕೆಯಾಗಿ ಎದ್ದು ಕಾರ್ಬ್ಯುರೇಟರಿನ ಜೆಟ್‌ಗಳನ್ನು (ಪೆಟ್ರೋಲ್ ಹಾಯುವ ಸಣ್ಣ ತೂತಿನ ಹಿತ್ತಾಳೆ ತುಂಡುಗಳನ್ನು) ಮುಚ್ಚುತ್ತದೆ.

ಕಾರ್ಬ್ಯುರೇಟರ್ ಬಿಚ್ಚುವಾಗ ಪೈಲಟ್ ತಿರುಪನ್ನು (ನಿಧಾನ ಓಟದ ಮಿಶ್ರಣ ಹೊಂದಿಸುವ ತಿರುಪನ್ನು) ಮೊದಲು ಮೆಲ್ಲಗೆ ಒಳಕ್ಕೆ ತಿರುಗಿಸಿ, ಎಷ್ಟು ಸುತ್ತಿನಲ್ಲಿ ನಿಂತಿತು ಎಂದು ಬರೆದಿಟ್ಟುಕೊಂಡು ಆಮೇಲೆ ಹೊರತೆಗೆಯಿರಿ. ಅದರ ತುದಿಯಲ್ಲಿ ಸ್ಪ್ರಿಂಗ್, ಪುಟ್ಟ ವಾಷರ್, ರಬ್ಬರ್ ರಿಂಗ್ ಇದೇ ಕ್ರಮದಲ್ಲಿರುತ್ತವೆ. ವಾಷರ್ ಮತ್ತು ರಿಂಗ್ ತೂತಿನೊಳಗೇ ಅಂಟಿಕೊಂಡು ಉಳಿಯುವುದು ಸಾಮಾನ್ಯ, ಟಾರ್ಚ್ ಹಾಕಿ ನೋಡಿ. ಪೈಲಟ್ ಜೆಟ್ಟಿನ ತೂತು ಕೂದಲಿಗಿಂತ ಕೆಲವೇ ಪಟ್ಟು ದೊಡ್ಡದು. ಬೆಳಕಿಗೆ ಹಿಡಿದರೆ ದುಂಡಗಿನ ಚುಕ್ಕೆ ಸ್ಪಷ್ಟವಾಗಿ ಕಾಣಬೇಕು. ಅರ್ಧಚಂದ್ರ ಕಂಡರೆ ಇನ್ನೂ ಕೊಳೆಯಿದೆ. ಉಕ್ಕಿನ ತಂತಿಯಿಂದ ಚುಚ್ಚಬೇಡಿ, ಹಿತ್ತಾಳೆಯ ತೂತು ಅಗಲವಾಗುತ್ತದೆ. ತಾಮ್ರದ ಒಂದು ಎಳೆ, ಕ್ಲೀನರ್, ಒತ್ತಡದ ಗಾಳಿ ಸಾಕು. ರಬ್ಬರ್ ಡಯಾಫ್ರಮ್ ಇರುವ ಕಾರ್ಬ್ಯುರೇಟರ್ ಆದರೆ ಅದನ್ನು ಬೆಳಕಿಗೆ ಹಿಗ್ಗಿಸಿ ಸೂಜಿತೂತು ಹುಡುಕಿ, ಕ್ಲೀನರ್ ಮಾತ್ರ ತಾಗಿಸಬೇಡಿ.

ಪೈಲಟ್ ತಿರುಪು ಎಂಜಿನ್ ಕಡೆಗಿದ್ದರೆ ಅದು ಪೆಟ್ರೋಲ್ ಮಿಶ್ರಣದ ತಿರುಪು, ಹೊರಕ್ಕೆ ತಿರುಗಿಸಿದರೆ ಪೆಟ್ರೋಲ್ ಹೆಚ್ಚುತ್ತದೆ. ಏರ್ ಫಿಲ್ಟರ್ ಕಡೆಗಿದ್ದರೆ ಗಾಳಿಯ ತಿರುಪು, ಹೊರಕ್ಕೆ ತಿರುಗಿಸಿದರೆ ಪೆಟ್ರೋಲ್ ತಗ್ಗುತ್ತದೆ. ಇದನ್ನು ತಿಳಿಯದೆ ಟ್ಯೂನಿಂಗ್‌ಗೆ ಕೂರಬೇಡಿ. ಕಾರ್ಬ್ಯುರೇಟರ್ ಮತ್ತು ಎಂಜಿನ್ ನಡುವಿನ ರಬ್ಬರ್ ಮೇಲೆ ಬಿರುಕಿದೆಯೇ ಎಂದು ಬಗ್ಗಿಸಿ ನೋಡುವುದೂ ಇದೇ ಹೊತ್ತಿನ ಕೆಲಸ.

ಏರ್ ಫಿಲ್ಟರಿನ ಸ್ಪಂಜು ಹಳತಾದರೆ ಮುಟ್ಟಿದರೆ ಪುಡಿಯಾಗುತ್ತದೆ, ಆ ಪುಡಿ ಸೀದಾ ಎಂಜಿನ್ ಒಳಗೆ ಹೋಗುತ್ತದೆ. ಹೊಸದು ಹಾಕಿ, ಫಿಲ್ಟರ್ ಆಯಿಲ್ ಹಚ್ಚಿ ಹಿಂಡಿ, ಅಂಚಿಗೆ ಗ್ರೀಸ್ ಬಳಿದು ಕೂರಿಸಿ. ಧೂಳಿನ ದಾರಿಯ ಬೈಕಿಗೆ ಇದೇ ಆಯುಸ್ಸು.

ಬ್ರೇಕ್

ಕ್ಯಾಲಿಪರ್ ಕಚ್ಚಿಕೊಂಡಿದ್ದರೆ ಅದನ್ನು ಪೈಪಿನಿಂದ ಬೇರ್ಪಡಿಸುವ ಮೊದಲೇ ಬ್ರೇಕ್ ಲಿವರ್ ಒತ್ತುತ್ತ ಪಿಸ್ಟನ್‌ಗಳನ್ನು ಹೊರಕ್ಕೆ ತಳ್ಳಿಸಿ. ಬೈಕಿನ ಸ್ವಂತ ಒತ್ತಡವೇ ಇದಕ್ಕೆ ಅತ್ಯುತ್ತಮ ಸಲಕರಣೆ. ಗಾಳಿಯ ಒತ್ತಡ ಬಳಸಿದರೆ ಪಿಸ್ಟನ್ ಗುಂಡಿನಂತೆ ಹಾರಿ ಬೆರಳು ಜಜ್ಜಬಹುದು. ಸೀಲ್ ಕೂರುವ ತೋಡಿನಲ್ಲಿ ಬಿಳಿಯ ಗಟ್ಟಿ ಪುಡಿ ಕಟ್ಟಿರುತ್ತದೆ. ಅದನ್ನು ಕೆರೆದು ತೆಗೆಯದೆ ಹೊಸ ಸೀಲ್ ಹಾಕಿದರೆ ಪಿಸ್ಟನ್ ಮತ್ತೆ ಕಚ್ಚಿಕೊಳ್ಳುತ್ತದೆ. ಪಿಸ್ಟನ್ ನಯವಾಗಿದ್ದರೆ ಮತ್ತೆ ಬಳಸಿ, ಸೀಲ್‌ಗಳನ್ನು ಬಳಸಬೇಡಿ. ಡಿಸ್ಕಿನ ಕನಿಷ್ಠ ದಪ್ಪವನ್ನು ಅದರ ಮೇಲೆಯೇ ಕೆತ್ತಿರುತ್ತಾರೆ, ಅಳೆದು ನೋಡಿ.

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಹೀಗಾಗಿ ತೆರೆದಿಟ್ಟ ಹಳೆಯ ಡಬ್ಬಿ ಬೇಡ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೇಳಿರುವ ಬೈಕಿಗೆ ಡಾಟ್ 5 ಹಾಕಬೇಡಿ. ಅದು ಸಿಲಿಕೋನ್ ಆಧಾರಿತ, ಹಳೆಯದರ ಜೊತೆ ಬೆರೆಯುವುದಿಲ್ಲ. ಹಳೆಯ ರಬ್ಬರ್ ಪೈಪನ್ನು ಉಕ್ಕಿನ ಹೆಣಿಗೆಯ ಪೈಪಿಗೆ ಬದಲಿಸುವುದು ಈ ಇಡೀ ಬರಹದಲ್ಲಿ ನಾನು ಮನಸಾರೆ ಶಿಫಾರಸು ಮಾಡುವ ಮೊದಲ ಅಪ್‌ಗ್ರೇಡ್. ಲಿವರಿನ ಮೆದುತನ ಹೋಗಿ ಬ್ರೇಕ್ ಬೆರಳ ತುದಿಗೆ ಸಿಗುತ್ತದೆ.

ಡ್ರಮ್ ಬ್ರೇಕ್ ಬಿಚ್ಚುವಾಗ ಧೂಳನ್ನು ಊದಬೇಡಿ. ಹಳೆಯ ಶೂಗಳಲ್ಲಿ ಕಲ್ನಾರು ಇದ್ದೀತು. ಒದ್ದೆ ಬಟ್ಟೆಯಿಂದ ಒರೆಸಿ, ಮುಖಗವಸು ಇರಲಿ.

ಚಕ್ರ, ಬೇರಿಂಗ್, ಚೈನ್

ಹಣ ಉಳಿಸಲು ಇಲ್ಲಿ ದೊಡ್ಡ ಅವಕಾಶವಿದೆ. ಚಕ್ರದ ಬೇರಿಂಗ್‌ಗಳು ಬೈಕ್ ಕಂಪನಿಯ ಸ್ವಂತ ವಸ್ತುಗಳಲ್ಲ. ಅಂಚಿನ ಮೇಲೆ 6202, 6302 ಎಂಬಂಥ ಅಂತರರಾಷ್ಟ್ರೀಯ ಸಂಖ್ಯೆ ಇರುತ್ತದೆ. ಅದೇ ಸಂಖ್ಯೆಯ, ಎರಡೂ ಬದಿ ರಬ್ಬರ್ ಮುಚ್ಚಳವಿರುವ ಒಳ್ಳೆಯ ತಯಾರಕರ ಬೇರಿಂಗನ್ನು ಬೇರಿಂಗ್ ಅಂಗಡಿಯಲ್ಲಿ ಕೊಳ್ಳಿ, ಕಂಪನಿಯ ಪೊಟ್ಟಣಕ್ಕಿಂತ ಬಹಳ ಅಗ್ಗ. ಆಯಿಲ್ ಸೀಲ್‌ಗಳ ಮೇಲೂ ಒಳವ್ಯಾಸ, ಹೊರವ್ಯಾಸ, ದಪ್ಪ ಎಂದು ಮೂರು ಅಂಕಿಗಳಿರುತ್ತವೆ. ಹೊಸ ಬೇರಿಂಗ್ ಬಡಿಯುವಾಗ ಪೆಟ್ಟು ಹೊರ ಉಂಗುರದ ಮೇಲೆ ಮಾತ್ರ ಬೀಳಲಿ. ಒಳ ಉಂಗುರಕ್ಕೆ ಬಿದ್ದ ಪೆಟ್ಟು ಗುಂಡುಗಳ ಮೂಲಕ ಹಾದು ಹೊಸ ಬೇರಿಂಗನ್ನೇ ಕೆಡಿಸುತ್ತದೆ.

ಕಡ್ಡಿಗಳನ್ನು ಸ್ಪ್ಯಾನರ್‌ನಿಂದ ಒಂದೊಂದಾಗಿ ತಟ್ಟಿ. ಬಿಗಿ ಕಡ್ಡಿ ಕಿಣಿ ಎನ್ನುತ್ತದೆ, ಸಡಿಲ ಕಡ್ಡಿ ಮಂಕಾಗಿ ಸದ್ದು ಮಾಡುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕಂಕಿಯ ತಯಾರಿಕಾ ಗುರುತು ಇದೆ: 2319 ಎಂದರೆ 2019ರ 23ನೇ ವಾರ. ಗುಬ್ಬಿಗಳು ಎಷ್ಟೇ ಉಳಿದಿದ್ದರೂ ಹತ್ತು ವರ್ಷ ದಾಟಿದ ಟೈರನ್ನು ಕಿತ್ತು ಹಾಕಿ.

ಚೈನ್ ಮತ್ತು ಎರಡೂ ಸ್ಪ್ರಾಕೆಟ್‌ಗಳನ್ನು ಒಟ್ಟಿಗೆ ಬದಲಿಸಿ. 520 ಅಳತೆಯ ಚೈನ್ ಹೊಸದಾಗಿದ್ದಾಗ ಬಿಗಿಯಾಗಿ ಎಳೆದು ಅಳೆದರೆ 20 ಕೊಂಡಿಗಳ ಉದ್ದ 317.5 ಮಿ.ಮೀ. ಅದು 320 ದಾಟಿದ್ದರೆ ಸವೆದಿದೆ ಎಂದೇ ಅರ್ಥ. ಗೇರಿಂಗ್ ಬದಲಿಸಲು ಸುಲಭದ ದಾರಿ ಮುಂದಿನ ಸ್ಪ್ರಾಕೆಟ್. 15 ಮತ್ತು 42 ಹಲ್ಲುಗಳ ಜೋಡಿಯ ಅನುಪಾತ 2.8. ಮುಂದೆ 14 ಹಾಕಿದರೆ ಅದು 3.0 ಆಗುತ್ತದೆ, ಹಿಂದೆ 45 ಹಾಕಿದರೂ ಅಷ್ಟೇ. ಕಡಿದಾದ ಕಾಡುದಾರಿಗೆ ಈ ಒಂದು ಹಲ್ಲು ಕೊಡುವ ಸಹಾಯ ದುಬಾರಿ ಎಂಜಿನ್ ಕಿಟ್‌ಗಳು ಕೊಡುವುದಕ್ಕಿಂತ ಹೆಚ್ಚು ಉಪಯುಕ್ತ.

ಚೈನಿನ ಸಡಿಲ ಹೊಂದಿಸುವಾಗ ಸಾಮಾನ್ಯ ರಸ್ತೆ ಬೈಕಿನ ಲೆಕ್ಕ ಹಿಡಿಯಬೇಡಿ. ಸಸ್ಪೆನ್ಷನ್ ಉದ್ದವಾಗಿ ಓಡುವುದರಿಂದ ಸಡಿಲವೂ ಹೆಚ್ಚು ಬೇಕು. ಮುಂದಿನ ಸ್ಪ್ರಾಕೆಟ್, ಸ್ವಿಂಗ್ ಆರ್ಮ್ ಕೀಲು, ಹಿಂದಿನ ಆಕ್ಸಲ್ ಮೂರೂ ಒಂದೇ ಗೆರೆಗೆ ಬಂದಾಗ ಚೈನ್ ಅತ್ಯಂತ ಬಿಗಿಯಾಗಿರುತ್ತದೆ. ಒಬ್ಬರನ್ನು ಸೀಟಿನ ಮೇಲೆ ಕೂರಿಸಿ ಆ ಸ್ಥಿತಿಗೆ ತಂದು, ಆಗಲೂ ಚೈನ್ ತುಸು ಆಡುತ್ತದೆಯೇ ಎಂದು ನೋಡಿ.

ಸಸ್ಪೆನ್ಷನ್

ಸ್ವಿಂಗ್ ಆರ್ಮ್ ಮತ್ತು ಲಿಂಕೇಜ್ ಬಿಚ್ಚಿ ತೊಳೆದು ಗ್ರೀಸ್ ಹಾಕುವುದು ಬೇಸರದ ಕೆಲಸ, ಆದರೆ ತಪ್ಪಿಸುವಂತಿಲ್ಲ. ಅಲ್ಲಿರುವುದು ಸೂಜಿ ರೋಲರ್‌ಗಳ ಬೇರಿಂಗ್, ನೀರು ಹೊಕ್ಕರೆ ತುಕ್ಕಾಗಿ ಒಳಗೇ ಬೆಸೆದುಕೊಳ್ಳುತ್ತದೆ.

ಫೋರ್ಕ್ ಸೀಲ್ ಸೋರುತ್ತಿದ್ದರೆ ಮೊದಲು ತೆಳುವಾದ ಪ್ಲಾಸ್ಟಿಕ್ ಹಾಳೆಯನ್ನು ಸೀಲಿನ ತುಟಿಯೊಳಗೆ ತೂರಿಸಿ ಸುತ್ತಲೂ ಓಡಿಸಿ. ಸಿಕ್ಕಿದ್ದ ಮರಳಿನ ಕಣ ಹೊರಬಂದು ಸೋರಿಕೆ ನಿಂತರೂ ನಿಲ್ಲಬಹುದು. ನಿಲ್ಲದಿದ್ದರೆ ಹೊಸ ಸೀಲ್, ಹೊಸ ಆಯಿಲ್. ಆಯಿಲನ್ನು ಪ್ರಮಾಣದ ಲೆಕ್ಕದಲ್ಲಿ ಸುರಿಯುವ ಬದಲು ಮಟ್ಟದ ಲೆಕ್ಕದಲ್ಲಿ ಹೊಂದಿಸಿ: ಸ್ಪ್ರಿಂಗ್ ಹೊರಗಿಟ್ಟು, ಫೋರ್ಕನ್ನು ಪೂರ್ತಿ ಒತ್ತಿ, ಕೊಳವೆಯ ಬಾಯಿಂದ ಆಯಿಲಿನ ಮೇಲ್ಮೈವರೆಗಿನ ಅಂತರ ಎರಡೂ ಕಡೆ ಒಂದೇ ಇರಬೇಕು.

ಇನ್ನು ಸ್ಯಾಗ್, ಅಂದರೆ ಸವಾರ ಕೂತಾಗ ಸಸ್ಪೆನ್ಷನ್ ಕುಸಿಯುವ ಅಳತೆ. ಹಿಂಚಕ್ರವನ್ನು ನೆಲದಿಂದ ಎತ್ತಿ ಆಕ್ಸಲ್‌ನಿಂದ ಸೀಟಿನ ಕೆಳಗಿನ ಒಂದು ಗುರುತಿನವರೆಗೆ ಅಳೆಯಿರಿ. ಆಮೇಲೆ ಸವಾರಿಯ ಪೂರ್ತಿ ಉಡುಪಿನಲ್ಲಿ ಕೂತು ಅದೇ ಅಂತರವನ್ನು ಇನ್ನೊಬ್ಬರಿಂದ ಅಳೆಸಿ. ವ್ಯತ್ಯಾಸ ಒಟ್ಟು ಚಲನೆಯ ಮೂರನೇ ಒಂದು ಭಾಗದ ಹತ್ತಿರ ಇರಬೇಕು; 250 ಮಿ.ಮೀ. ಚಲನೆಗೆ 80 ಮಿ.ಮೀ. ಆಸುಪಾಸು. ಪ್ರಿಲೋಡ್ (ಸ್ಪ್ರಿಂಗಿನ ಆರಂಭಿಕ ಬಿಗಿ) ಪೂರ್ತಿ ಬಿಗಿದರೂ ಅಷ್ಟಕ್ಕೆ ಬಾರದಿದ್ದರೆ ಆ ಸ್ಪ್ರಿಂಗ್ ನಿಮ್ಮ ತೂಕದ್ದಲ್ಲ. ಆಗ ಗಟ್ಟಿ ಸ್ಪ್ರಿಂಗ್ ಕೊಳ್ಳುವುದು ಎರಡನೆಯ ಯೋಗ್ಯ ಅಪ್‌ಗ್ರೇಡ್.

ವಿದ್ಯುತ್ ವ್ಯವಸ್ಥೆ

ಹಳೆಯ ಬೈಕಿನ ವೈರಿಂಗಿನಲ್ಲಿ ಕೆಡುವುದು ವೈರಿಗಿಂತ ಹೆಚ್ಚಾಗಿ ಜೋಡಣೆಗಳು. ಪ್ರತಿ ಕನೆಕ್ಟರ್ ಬಿಡಿಸಿ ಹಸಿರು ಕಿಲುಬು ತೆಗೆಯಿರಿ. ಅರ್ಥ್ ವೈರಿನ ಬೋಲ್ಟಿನ ಕೆಳಗಿನ ಬಣ್ಣವನ್ನು ಲೋಹ ಕಾಣುವಂತೆ ಕೆರೆಯಿರಿ. ಪೂರ್ತಿ ಚಾರ್ಜ್ ಆದ ಬ್ಯಾಟರಿ ಸುಮ್ಮನಿದ್ದಾಗ 12.6 ವೋಲ್ಟಿಗಿಂತ ಕಡಿಮೆ ತೋರಿಸಬಾರದು. ಎಂಜಿನ್ 4,000–5,000 ಆರ್‌ಪಿಎಂನಲ್ಲಿ ಓಡುವಾಗ 13.5ರಿಂದ 14.5ರೊಳಗಿರಬೇಕು. ಏರದಿದ್ದರೆ ಸ್ಟೇಟರಿನಿಂದ (ವಿದ್ಯುತ್ ಉತ್ಪಾದಿಸುವ ಸುರುಳಿಯಿಂದ) ಬರುವ ಮೂರು ವೈರುಗಳನ್ನು ಬಿಡಿಸಿ ಪರಸ್ಪರ ಅಳೆಯಿರಿ: ಮೂರು ಜೋಡಿಯಲ್ಲೂ ಪ್ರತಿರೋಧ ಒಂದೇ ಇರಬೇಕು, ಯಾವುದೂ ಚಾಸಿಗೆ ಸಂಪರ್ಕ ತೋರಿಸಬಾರದು. ಏರದಿರುವುದರ ಬದಲು 15 ವೋಲ್ಟ್ ದಾಟುತ್ತಿದ್ದರೆ ವೋಲ್ಟೇಜ್ ಹತೋಟಿಯಲ್ಲಿಡುವ ರೆಗ್ಯುಲೇಟರ್ ಬದಲಿಸಿ.

ಎಲ್‌ಇಡಿ ದೀಪ ಹಾಕುವ ಆಸೆಯಿದ್ದರೆ ಮೊದಲು ಹೆಡ್‌ಲೈಟಿಗೆ ಬರುವುದು ಡಿಸಿಯೋ ಎಸಿಯೋ ನೋಡಿಕೊಳ್ಳಿ. ಹಲವು ಹಳೆಯ ಬೈಕ್‌ಗಳಲ್ಲಿ ದೀಪ ಸ್ಟೇಟರಿನ ಎಸಿಯಿಂದಲೇ ಉರಿಯುತ್ತದೆ, ಎಲ್‌ಇಡಿ ಹಾಕಿದರೆ ಮಿಣುಕುತ್ತದೆ.

ಅಪ್‌ಗ್ರೇಡ್: ಏನು ಬೇಕು, ಏನು ಬೇಡ

ಸಂಪ್ (ಎಂಜಿನ್ನಿನ ತಳಭಾಗ) ರಕ್ಷಿಸುವ ಲೋಹದ ತಟ್ಟೆ, ಅಲ್ಯೂಮಿನಿಯಂ ಒಳಪಟ್ಟಿಯ ಹ್ಯಾಂಡ್‌ಗಾರ್ಡ್, ಅಗಲ ಫುಟ್‌ರೆಸ್ಟ್. ಈ ಮೂರು ಸೇರಿ, ಬೈಕ್ ಬಿದ್ದಾಗ ಅದನ್ನೂ, ನಿಂತು ಓಡಿಸುವಾಗ ಪಾದವನ್ನೂ ಕಾಯುತ್ತವೆ. ಮೂರೂ ಹಳೆಯ ಸಾಮಾನಾಗಿ ಸಿಗುತ್ತವೆ. ಗೀರು ಬಿದ್ದಿದ್ದರೆ ಅಡ್ಡಿಯಿಲ್ಲ, ಅವು ಇರುವುದೇ ಗೀರು ಬೀಳಿಸಿಕೊಳ್ಳಲು.

ಸೀಟಿನ ಸ್ಪಂಜು ಕುಸಿದಿದ್ದರೆ ಮೇಲೆ ದಟ್ಟ ಫೋಮ್ ಅಂಟಿಸಿ ಅಗಲ ಮಾಡಿಸಿ, ಹೊಸ ಸೀಟಿನ ಖರ್ಚಿಲ್ಲ. ಸೈಲೆನ್ಸರ್, ತೆರೆದ ಫಿಲ್ಟರ್, ದೊಡ್ಡ ಪಿಸ್ಟನ್ ಕಿಟ್ ಮೂರನ್ನೂ ಪಟ್ಟಿಯಿಂದ ತೆಗೆಯಿರಿ. ಅವುಗಳಿಗೆ ತಕ್ಕಂತೆ ಜೆಟ್ ಬದಲಿಸಬೇಕು, ಸದ್ದಿನ ನಿಯಮ ಮೀರಬೇಕು, ಸವೆತ ಸಹಿಸಬೇಕು. ಬಣ್ಣಕ್ಕೆ ಸ್ಪ್ರೇ ಡಬ್ಬಿ ಸಾಕು. ತಯಾರಿಯೇ ಮುಖ್ಯ, ಉಜ್ಜುವುದಕ್ಕೆ ಎರಡು ದಿನ ಕೊಟ್ಟರೆ ಬಣ್ಣ ಹೊಡೆಯಲು ಅರ್ಧ ಗಂಟೆ ಬೇಕು. ಗಟ್ಟಿಕಾರಕ ಬೆರೆಸುವ ಎರಡು ಘಟಕಗಳ ಬಣ್ಣವಾದರೆ ಅದರಲ್ಲಿನ ಐಸೊಸಯನೇಟ್ ಎಂಬ ವಿಷಕಾರಿ ರಾಸಾಯನಿಕ ತಡೆಯುವ ಸರಿಯಾದ ಮಾಸ್ಕ್ ಇಲ್ಲದೆ ಮುಟ್ಟಬೇಡಿ.

ಜೋಡಣೆ ಮತ್ತು ಮೊದಲ ಓಡಾಟ

ಉಕ್ಕಿನ ಬೋಲ್ಟು ಅಲ್ಯೂಮಿನಿಯಂಗೆ ಹೋಗುವ ಕಡೆ, ಮ್ಯಾನುಯಲ್ ಬೇಡವೆನ್ನದಿದ್ದರೆ, ಕಚ್ಚದಂತೆ ತಡೆಯುವ ಗ್ರೀಸ್ ಹಚ್ಚಿ. ಗ್ರೀಸ್ ಇರುವ ತಿರುಪಿನ ಎಳೆ ಬೇಗ ಬಿಗಿಯಾಗುವುದರಿಂದ ಟಾರ್ಕ್ ತುಸು ತಗ್ಗಿಸಿ. ನಡುಕಕ್ಕೆ ಸಡಿಲವಾಗುವ ಬೋಲ್ಟುಗಳಿಗೆ ನೀಲಿ ಲಾಕ್‌ಟೈಟ್ (ಬೋಲ್ಟು ಸಡಿಲವಾಗದಂತೆ ಹಿಡಿಯುವ ಅಂಟು) ಹಾಕಿ. ಎಂಜಿನ್ ಮುಚ್ಚಳದ ಎಂ6 ಬೋಲ್ಟಿಗೆ 10 ನ್ಯೂಟನ್ ಮೀಟರ್ ಆಸುಪಾಸು ಸಾಕು. ಬರಿಗೈ ಅಂದಾಜು ಇಲ್ಲಿ ಎಳೆ ಕೆಡಿಸುತ್ತದೆ. ತಾಮ್ರದ ವಾಷರ್‌ಗಳನ್ನು ಕೆಂಪಗೆ ಕಾಯಿಸಿ ತಣಿಸಿದರೆ ಮತ್ತೆ ಮೆತ್ತಗಾಗಿ ಸೀಲ್ ಮಾಡುತ್ತವೆ.

ಮೊದಲ ಓಡಾಟ ಮನೆಯ ಹತ್ತಿರವೇ ಇರಲಿ, ಜೊತೆಗೆ ಸ್ಪ್ಯಾನರ್‌ಗಳಿರಲಿ. ಮೊದಲ ಇಳಿಜಾರಿಗೂ ಮೊದಲು ಸಮತಟ್ಟಿನಲ್ಲಿ ಎರಡೂ ಬ್ರೇಕ್ ಪರೀಕ್ಷಿಸಿ. 20 ಕಿಲೋಮೀಟರ್ ಆದ ಮೇಲೆ ನಿಲ್ಲಿಸಿ ಚಕ್ರದ ಮಧ್ಯಭಾಗವನ್ನು ಮುಟ್ಟಿ ನೋಡಿ. ಒಂದು ಚಕ್ರ ಇನ್ನೊಂದಕ್ಕಿಂತ ಹೆಚ್ಚು ಬಿಸಿಯಾಗಿದ್ದರೆ ಬ್ರೇಕ್ ಉಜ್ಜುತ್ತಿದೆ ಅಥವಾ ಬೇರಿಂಗ್ ಓರೆಯಾಗಿದೆ. ಕಡ್ಡಿಗಳನ್ನು ಮತ್ತೆ ತಟ್ಟಿ, ಚೈನ್ ಸಡಿಲ ನೋಡಿ, ಹಿಂಚಾಸಿ ಮತ್ತು ಎಂಜಿನ್ ಹಿಡಿಯುವ ಬೋಲ್ಟುಗಳಿಗೆ ಟಾರ್ಕ್ ರೆಂಚ್ ಹಾಕಿ. ಮೊದಲ ಆಯಿಲನ್ನು ಕೆಲವು ನೂರು ಕಿಲೋಮೀಟರ್‌ಗೇ ಬದಲಿಸಿ. ನಿಂತಿದ್ದ ಎಂಜಿನ್ನಿನ ಕೊಳೆಯೆಲ್ಲ ಅದರಲ್ಲೇ ಕಳಚಿಕೊಂಡಿರುತ್ತದೆ. ಬಸಿದು ಬಂದ ಆಯಿಲನ್ನು ಬಿಳಿ ಬಟ್ಟೆಯ ಮೂಲಕ ಸೋಸಿ, ಮೊದಲ ಸಲದ ಫಿಲ್ಟರಿನ ಫೋಟೊ ಜೊತೆ ಹೋಲಿಸಿ. ಚೂರುಗಳು ಕಡಿಮೆಯಾಗಿದ್ದರೆ ದೂರದ ದಾರಿಗೆ ಹೊರಡಬಹುದು.